ಫಿಸಿಯೋ ವಿಭಾಗದಲ್ಲಿ ಸೊಂಟ, ಹೆಬ್ಬೆರಳು ಉಳಿಸಿಕೊಂಡ ಬಗೆ: ನನ್ನ ಅನುಭವ

"ಬಗ್ಗೋದು, ಎತ್ತೋದೇ ನಿಮ್ಮ ಕೆಲಸ. ಸೊಂಟ ನೋಯದೆ ಇರುತ್ತಾ?" ಎನ್ನುತ್ತಿದ್ದ ಮ್ಯಾನೇಜ್‌ಮೆಂಟೇ ಈಗ, ಥೆರಪಿಸ್ಟರ ಸೊಂಟ, ಹೆಬ್ಬೆರಳು ಉಳಿಸಲು ನಾವು ಮಾಡಿಕೊಂಡ ಏರ್ಪಾಡನ್ನೇ ಇನ್ನೊಂದು ಬ್ರಾಂಚಿಗೂ ಮಾಡಿಸಿ ಅನ್ನುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಐದಾರು ಥೆರಪಿಸ್ಟರ ವಿಭಾಗ, ಸ್ಟ್ರೋಕ್ ಕೇಸು ಜಾಸ್ತಿ.

ಮೊದಲು ದಂಡವಾದದ್ದು ಸೊಂಟದ ಬೆಲ್ಟಿನ ದುಡ್ಡು, ತಲಾ ಏಳೆಂಟು ನೂರು. ಬೆಲ್ಟ್ ಕಟ್ಟಿಕೊಂಡವರು ಧೈರ್ಯ ಬಂದು 80 ಕೆಜಿ ಪೇಷೆಂಟನ್ನು ಒಬ್ಬರೇ ಎಬ್ಬಿಸತೊಡಗಿದರು. ಆಮೇಲೆ ಭಂಗಿಯ ತರಬೇತಿ. ಫಿಸಿಯೋಗಳಿಗೇ ಭಂಗಿ ಪಾಠ! ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಯನ್ನು ಕೈಯಿಂದ ಎತ್ತಲು ಹೇಳಿದ ಮಿತಿ 35 ಪೌಂಡ್, ಅಂದರೆ 16 ಕೆಜಿ. ಅದೂ ಎಲ್ಲ ಅನುಕೂಲವಾಗಿದ್ದಾಗ. 70 ಕೆಜಿ ಆಳಿನ ಒಂದು ಕಾಲೇ 11 ಕೆಜಿ ತೂಗುತ್ತದೆ. ಭಂಗಿ ಎಷ್ಟು ಚೆನ್ನಾಗಿದ್ದರೂ ಲೆಕ್ಕ ಹೊಂದುವುದಿಲ್ಲ.

ಆಮೇಲೆ ಹಾಯ್ಸ್ಟ್, ಅಂದರೆ ಪೇಷೆಂಟನ್ನು ಜೋಲಿಯಲ್ಲಿ ಕೂರಿಸಿ ಎತ್ತುವ ಯಂತ್ರ. ಅದಕ್ಕೆ ಲಕ್ಷದ ಹತ್ತಿರ ಹೋಯಿತು, ಬಹಳ ದಿನ ಸ್ಟೋರಿನಲ್ಲೇ ನಿಂತಿತ್ತು. ಅದರ ಕಾಲು ಮಂಚದ ಕೆಳಗೆ ನುಗ್ಗಲು ನಾಲ್ಕೈದು ಇಂಚು ಸಂದು ಬೇಕು. ನಮ್ಮ ಮಂಚಗಳ ಅಡ್ಡಪಟ್ಟಿ ಅದಕ್ಕಿಂತ ಕೆಳಗಿತ್ತು. ವೆಲ್ಡರನ್ನು ಕರೆಸಿ ಪಟ್ಟಿ ಮೇಲೇರಿಸಿದೆವು. ಇದ್ದ ಒಂದೇ ಸ್ಲಿಂಗ್ (ಆ ಜೋಲಿ) ಸದಾ ಲಾಂಡ್ರಿಯಲ್ಲಿ. ಎರಡು ಅಳತೆಯಲ್ಲಿ ಎರಡೆರಡು ತರಿಸಿದ ಮೇಲೇ ಹಾಯ್ಸ್ಟ್ ಸ್ಟೋರಿನಿಂದ ಹೊರಗೆ ಬಂದದ್ದು.

ನಿಜವಾಗಿ ಕೆಲಸ ಮಾಡಿದ್ದು ಮೋಟಾರ್ ಕೌಚ್, ಅಂದರೆ ಏರಿಸಿ ಇಳಿಸಬಹುದಾದ ಚಿಕಿತ್ಸೆಯ ಮಂಚ. ಹಳೆಯವು 30 ಇಂಚು ಎತ್ತರದ ಕಬ್ಬಿಣದವು. ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ಬರುವ ಮಟ್ಟಕ್ಕೆ ಕೌಚ್ ಇರಬೇಕಲ್ಲ: ಐದಡಿಯವರಿಗೆ ಅದು 25 ಇಂಚು, ಐದಡಿ ಹತ್ತಿಂಚಿನವರಿಗೆ 30. ಅಂದರೆ ಕುಳ್ಳಗಿನ ಹುಡುಗಿಯರು ಭುಜ ಎತ್ತಿ, ಬರೀ ಹೆಬ್ಬೆರಳಿನ ಮೇಲೆ ಭಾರ ಬಿಟ್ಟು ಒತ್ತುತ್ತಿದ್ದರು. ಕಾಲಿಗೆ ಸ್ಟೂಲ್ ಹಾಕಿ ನೋಡಿದ್ದೂ ಆಯಿತು, ಎಡವಿ ಬೀಳುವುದೊಂದೇ ಲಾಭ. ಕೊಳ್ಳುವಾಗ ಎಷ್ಟು ಏರುತ್ತದೆ ಅಂತ ಕೇಳಬೇಡಿ, ಎಷ್ಟು ಇಳಿಯುತ್ತದೆ ಕೇಳಿ. ಅಗ್ಗದವು 23–24 ಇಂಚಿಗೇ ನಿಲ್ಲುತ್ತವೆ. ವೀಲ್‌ಚೇರ್ ಸೀಟು 19–20 ಇಂಚು, ಪೇಷೆಂಟನ್ನು ಮೇಲಕ್ಕೆತ್ತಬೇಕಾಗುತ್ತದೆ. ಫುಟ್‌ಸ್ವಿಚ್ ಎರಡೂ ಕಡೆ ಇರಲಿ. ಒಂದೇ ಕಡೆ ಇದ್ದರೆ ಸುತ್ತಿ ಹೋಗಿ ಒತ್ತುವವರು ಯಾರೂ ಇಲ್ಲ. ಕರೆಂಟ್ ಹೋದಾಗ ಪೇಷೆಂಟ್ ಮೇಲೇ ಸಿಕ್ಕಿಕೊಳ್ಳದಿರಲು ಬ್ಯಾಟರಿ ಬ್ಯಾಕಪ್ ಬೇಕೇ ಬೇಕು. ಇಳಿಸುವ ಮೊದಲು ಕೆಳಗೆ ಬಕೆಟ್ ಇದೆಯಾ ನೋಡಿ. ಎರಡು ಕೌಚಿಗೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಆಯಿತು.

ಆ ದುಡ್ಡು ಬಿಡಿಸಿದ್ದು ಹೀಗೆ: ಒಬ್ಬ ಥೆರಪಿಸ್ಟ್ ಸೊಂಟದಿಂದ ತಿಂಗಳು ಮಲಗಿದರೆ ದಿನಕ್ಕೆ 12 ಸೆಷನ್, ತಲಾ 400, 25 ದಿನ. ಒಂದು ಲಕ್ಷ ಇಪ್ಪತ್ತು ಸಾವಿರ ಖೋತಾ. ಅಕೌಂಟ್ಸ್‌ನವರಿಗೆ ಆ ಹಾಳೆಯೇ ಸಾಕಾಯಿತು. ಜೊತೆಗೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯನ್ನೂ ಇಟ್ಟೆ: ಅಪಾಯವಿಲ್ಲದ ಕೆಲಸದ ಜಾಗ ಒದಗಿಸುವುದು ಮಾಲೀಕರ ಕರ್ತವ್ಯ ಎಂದು 6ನೇ ಸೆಕ್ಷನ್ ಹೇಳುತ್ತದೆ. ಪಗಾರ 21,000 ದಾಟಿದವರು ಇಎಸ್‌ಐ ವಿಮೆಗೂ ಬರುವುದಿಲ್ಲ ಅನ್ನುವುದನ್ನು ಒತ್ತಿ ಹೇಳಿ.

ಸ್ಲೈಡ್ ಶೀಟ್ (ಪೇಷೆಂಟನ್ನು ಎತ್ತದೆ ಜಾರಿಸಲು ಅಡಿಗೆ ಹಾಕುವ ಬಟ್ಟೆ) ಊರಿನ ಟೈಲರ್ ಹತ್ತಿರ ನೈಲಾನಿನ ಪ್ಯಾರಾಚೂಟ್ ಬಟ್ಟೆಯಲ್ಲಿ ಹೊಲಿಸಿದ್ದು, ಒಂದಕ್ಕೆ ಮುನ್ನೂರು ಚಿಲ್ಲರೆ. ಎರಡು ಬಾಯಿ ತೆರೆದ ಕೊಳವೆಯಂತೆ ಇರಬೇಕು, ನುಣುಪು ಮೈ ಒಳಗೆ ಬರಬೇಕು, ಹೊಲಿಗೆಯ ಅಂಚು ಹೊರಗೆ. ಅಂಚು ಒಳಗಿದ್ದರೆ ಜಾರುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಲಾಂಡ್ರಿಯವರು ಬ್ಲೀಚ್ ಹಾಕಿ ಮೊದಲ ಕಂತನ್ನು ಪಿಸಿಯುವಂತೆ ಮಾಡಿಟ್ಟರು. ನೈಲಾನಿಗೆ ಕ್ಲೋರಿನ್ ಆಗದು. ಕೆಲಸ ಮುಗಿದೊಡನೆ ಎಳೆದು ತೆಗೆಯಿರಿ, ಬಿಟ್ಟರೆ ಪೇಷೆಂಟೇ ಜಾರುತ್ತಾರೆ.

ಹೆಬ್ಬೆರಳಿಗಾಗಿ ಒಂದು ಅಡ್ಡ ಪ್ರಯೋಗ. ತುದಿಯಲ್ಲಿ ಒಂದು ಕೆಜಿ ಚಿವುಟಿದರೆ ಬುಡದ ಕೀಲಿನ ಮೇಲೆ 12 ಕೆಜಿ ಬೀಳುತ್ತದೆ ಎಂಬ ಲೆಕ್ಕ 1977ರಿಂದಲೇ ಇದೆ. ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಟಿ ಆಕಾರದ ಒತ್ತುಗೋಲು ಕಡೆಸಿದೆ. ಬಣ್ಣವೇನೋ ಚಂದ, ಆದರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸುತ್ತಿದ್ದಂತೆ ಅರಗು ಕರಗಿ ಕೈಗೆ ಅಂಟಿತು. ಈಗ ನೈಲಾನ್ ರಾಡಿನದು, ಲೇತ್‌ನಲ್ಲಿ ಕಡೆಸಿದ್ದು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ. ತುದಿಯ ಅಳತೆ ಮಾತ್ರ ಕೇಳಬೇಡಿ, ಅದು ನನ್ನಲ್ಲೇ ಇರಲಿ. ಇಷ್ಟಾದರೂ ಮ್ಯಾನುಯಲ್ ಕೇಸು (ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ) ಎರಡರ ಮೇಲೆ ಸತತವಾಗಿ ಹಾಕುವುದಿಲ್ಲ. ನಡುವೆ ಒಂದು ವ್ಯಾಯಾಮದ ಕೇಸು. ರಿಸೆಪ್ಷನ್ನಿನವರಿಗೆ ಇದನ್ನು ಒಪ್ಪಿಸುವುದೇ ಕೌಚ್ ತರಿಸುವುದಕ್ಕಿಂತ ಕಷ್ಟ.

ನೋವಿನ ನೋಟ್‌ಬುಕ್ ಒಂದು ತೂಗುಹಾಕಿದ್ದೇವೆ: ತಾರೀಖು, ಎಲ್ಲಿ ನೋವು, ಏನು ಮಾಡುವಾಗ. ಹೆಸರಿನ ಕಾಲಂ ಇದ್ದಷ್ಟು ದಿನ ಪುಟ ಖಾಲಿ. ತೆಗೆದ ವಾರವೇ ತುಂಬಿತು. ಹೆಚ್ಚು ಬರೆದದ್ದು ಮನೆ ವಿಸಿಟ್ ಬಗ್ಗೆ, 14–15 ಇಂಚಿನ ದಿವಾನ್ ಮಂಚಗಳ ಮುಂದೆ ಬಗ್ಗಿ ಮಾಡುವ ಕೆಲಸ. ಅದಕ್ಕೆ ಸದ್ಯಕ್ಕೆ ಮೊಣಕಾಲೂರಲು ದಪ್ಪ ಫೋಮ್ ಕೊಟ್ಟು ಕಳಿಸುತ್ತಿದ್ದೇವೆ, ಎರಡನೆಯ ಆಳಿನ ಚಾರ್ಜು ಬಿಲ್ಲಿಗೆ ಸೇರಿಸುವ ಮಾತು ಇನ್ನೂ ನಡೆಯುತ್ತಿದೆ.