ಮುದ್ದೆ ಇಳಿಯುತ್ತಾ, ನೀರು ಇಳಿಯುತ್ತಾ?

ನುಂಗೋಕೆ ಕಷ್ಟ ಅಂತ ನೇರವಾಗಿ ಹೇಳಿಕೊಂಡು ಬರುವವರು ಕಡಿಮೆ. ನಮ್ಮ ಹಳೆ ಮೈಸೂರು ಕಡೆ ಎದೆಯಿಂದ ಹೊಕ್ಕುಳವರೆಗಿನ ಎಲ್ಲ ತೊಂದರೆಗೂ ಒಂದೇ ಹೆಸರು, 'ಗ್ಯಾಸ್ಟ್ರಿಕ್'. ಉಂಡದ್ದು ವಾಪಸ್ ಬಂದರೂ ಗ್ಯಾಸ್ಟ್ರಿಕ್, ಎದೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಹಾಗಾಗಿ ನನ್ನ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಜನ ವರ್ಷಗಟ್ಟಲೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತೆಗೆದುಕೊಂಡಿರುತ್ತಾರೆ. ಕೈಯಲ್ಲಿ ಒಂದು ಎಂಡೋಸ್ಕೋಪಿ ರಿಪೋರ್ಟ್ ಇರುತ್ತದೆ, ಅದರ ಕೊನೆಗೆ 'ನಾರ್ಮಲ್' ಎಂದಿರುತ್ತದೆ. ಜೊತೆಗೆ ಬಂದವರು ಅದನ್ನೇ ಮುಂದಿಟ್ಟು, 'ಏನೂ ಇಲ್ವಂತೆ ಡಾಕ್ಟ್ರೇ, ಸುಮ್ನೆ ಮನಸ್ಸಿಗೆ ಹಚ್ಕೊಂಡವ್ಳೆ' ಅನ್ನುತ್ತಾರೆ.

ಎಂಡೋಸ್ಕೋಪಿ ತೋರಿಸುವುದು ಅನ್ನನಾಳದ ಒಳಗೋಡೆಯನ್ನು. ಗಡ್ಡೆ, ಹುಣ್ಣು, ಕಿರಿದಾದ ಜಾಗ ಇದ್ದರೆ ಕಾಣುತ್ತದೆ. ನಾಳ ಸರಿಯಾಗಿ ಹಿಂಡುತ್ತಿದೆಯೋ, ಕೆಳಗಿನ ಬಾಗಿಲು ಸಮಯಕ್ಕೆ ತೆರೆಯುತ್ತಿದೆಯೋ ಅನ್ನುವುದನ್ನು ಅದು ಅಷ್ಟಾಗಿ ಹೇಳಲಾರದು. ಆದ್ದರಿಂದ ನುಂಗಲು ಕಷ್ಟವಿದ್ದೂ ರಿಪೋರ್ಟ್ ನಾರ್ಮಲ್ ಬಂದಿದ್ದರೆ ನಾನು ಫೈಲ್ ಪಕ್ಕಕ್ಕಿಟ್ಟು ಮೊದಲಿನಿಂದ ಮಾತಾಡಿಸುತ್ತೇನೆ.

ನುಂಗಲು ಹೊರಟ ಕ್ಷಣದಲ್ಲೇ ಕೆಮ್ಮು ಬರುತ್ತದೆಯೇ, ನೀರು ಮೂಗಿಗೆ ಏರುತ್ತದೆಯೇ? ಹಾಗಿದ್ದರೆ ತೊಂದರೆ ಬಾಯಿ, ಗಂಟಲಿನ ಮಟ್ಟದ್ದು. ಪಾರ್ಶ್ವವಾಯುವಿನಂಥ ನರದ ಕಾಯಿಲೆ ಹುಡುಕಬೇಕು, ದಾರಿ ಬೇರೆ. ನುಂಗಿ ಒಂದೆರಡು ಸೆಕೆಂಡ್ ಆದಮೇಲೆ ಎದೆಯಲ್ಲಿ ನಿಂತರೆ ಅದು ಅನ್ನನಾಳದ್ದು. ಆಮೇಲಿನ ಪ್ರಶ್ನೆಗೆ ನಮ್ಮ ಕಡೆ ರಾಗಿಮುದ್ದೆಗಿಂತ ಒಳ್ಳೆಯ ಅಳತೆ ಇಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ನುಂಗುತ್ತಾರೆ. ನಾಳ ಸ್ವಲ್ಪ ಕಿರಿದಾದರೂ ಅದಕ್ಕೆ ಮೊದಲು ತಿಳಿಯುತ್ತದೆ. ಮೊದಲು ಮುದ್ದೆ, ಕೆಲವು ವಾರಕ್ಕೆ ಅನ್ನ, ಈಗ ಗಂಜಿಯೂ ಕಷ್ಟ ಅಂದರೆ ದಾರಿಯಲ್ಲಿ ಏನೋ ಅಡ್ಡ ಬೆಳೆಯುತ್ತಿದೆ. ವಯಸ್ಸು ಐವತ್ತು ದಾಟಿ, ಎಲೆಅಡಿಕೆ ಹೊಗೆಸೊಪ್ಪಿನ ಅಭ್ಯಾಸವಿದ್ದು, ಮೈತೂಕವೂ ಇಳಿದಿದ್ದರೆ ನಾನು ಬೇರೆ ಯಾವ ಮಾತಿಗೂ ಹೋಗದೆ ತಕ್ಷಣ ಎಂಡೋಸ್ಕೋಪಿ ಮಾಡಿಸುತ್ತೇನೆ. ಮುದ್ದೆಯೂ ನೀರೂ ಮೊದಲ ದಿನದಿಂದಲೇ ಒಟ್ಟಿಗೆ ಕೈಕೊಟ್ಟಿದ್ದರೆ ಮಾತ್ರ ಚಲನೆಯ ದೋಷದ ಕಡೆ ಯೋಚನೆ ಹರಿಯುತ್ತದೆ.

ಎಲ್ಲಿ ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸಲು ಹೇಳುತ್ತೇನೆ, ಆದರೆ ಆ ಬೆರಳನ್ನು ಪೂರ್ತಿ ನಂಬುವುದಿಲ್ಲ. ಎದೆಗುಂಡಿ ತೋರಿಸಿದವರದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಗಂಟಲು ತೋರಿಸಿದವರದ್ದು ಎಷ್ಟೋ ಸಲ ತುಂಬ ಕೆಳಗಿರುತ್ತದೆ.

ಮಂಡ್ಯ ಕಡೆಯ ಒಬ್ಬ ಹೆಂಗಸು ಇದನ್ನೆಲ್ಲ ನಾನು ಕೇಳುವ ಮೊದಲೇ ಒದರಿಬಿಟ್ಟರು: 'ಹಿಟ್ಟು ನುಂಗುದ್ರೆ ಇಲ್ಲೇ ನಿಂತ್ಕತದೆ ಕನ ಸಾ. ನೀರೂ ಅಂಗೇಯ. ಎದ್ದು ನಿಂತ್ಕಂಡು, ಭುಜ ಹಿಂದಕ್ ಸೆಟ್ಕಂಡು, ಒಂದ್ ಚೊಂಬು ನೀರು ಒಂದೇ ಸಲಕ್ಕೆ ಕುಡುದ್ರೆ ಗಳಕ್ ಅಂತ ಇಳೀತದೆ.' ರಾತ್ರಿ ಹೇಗೆ ಎಂದು ಕೇಳಿದೆ. ಬೆಳಗ್ಗೆ ದಿಂಬಿನ ಮೇಲೆ ಹಿಂದಿನ ರಾತ್ರಿಯ ಅನ್ನದ ಅಗುಳು ಇರುತ್ತದಂತೆ. ಹುಳಿಯೂ ಇಲ್ಲ, ಕಹಿಯೂ ಇಲ್ಲ. ಅಂದರೆ ಆ ಅನ್ನ ಜಠರಕ್ಕೆ ಹೋಗಿ ವಾಪಸ್ ಬಂದದ್ದಲ್ಲ, ಜಠರ ಮುಟ್ಟಿಯೇ ಇಲ್ಲ. ಮದುವೆ ಮನೆಯಲ್ಲಿ ಎಲ್ಲರ ಎದುರು ಎದ್ದು ನಿಂತು ನೀರು ಕುಡಿಯಲು ನಾಚಿಕೆಯಾಗಿ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದರು.

ಇದು ಅಕಲೇಸಿಯಾ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುಕೊಳವೆ. ನುಂಗಿದಾಗ ಮೇಲಿಂದ ಒಂದು ಅಲೆ ಇಳಿಯುತ್ತದೆ, ಅದೇ ಹೊತ್ತಿಗೆ ಕೆಳಗಿನ ಸ್ನಾಯುಬಳೆ ಸಡಿಲವಾಗುತ್ತದೆ. ಸಡಿಲವಾಗು ಎಂದು ನೈಟ್ರಿಕ್ ಆಕ್ಸೈಡ್ ಮೂಲಕ ಹೇಳುವ ನರಕೋಶಗಳು ನಾಳದ ಗೋಡೆಯೊಳಗೇ ಇವೆ. ಅವು ನಶಿಸಿದರೆ ಅಲೆ ಕೆಡುತ್ತದೆ, ಬಳೆ ಬಿಗಿದೇ ಉಳಿಯುತ್ತದೆ. ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೆ ಹೊಸದಾಗಿ ಬರಬಹುದಾದ ಕಾಯಿಲೆ. ಹಾಗಾಗಿಯೇ ಯಾರಿಗೂ ಬೇಗ ಹೊಳೆಯುವುದಿಲ್ಲ. ಇಂಗ್ಲೆಂಡಿನ ಥಾಮಸ್ ವಿಲಿಸ್ 1674ರಲ್ಲೇ ಇಂಥ ರೋಗಿಯ ಬಗ್ಗೆ ಬರೆದಿದ್ದ. ತಿಮಿಂಗಿಲದ ಮೂಳೆಯ ತುದಿಗೆ ಸ್ಪಂಜು ಕಟ್ಟಿಕೊಟ್ಟು, ಅದರಿಂದ ಊಟವನ್ನು ಕೆಳಕ್ಕೆ ತಳ್ಳಿಕೊಳ್ಳುವುದನ್ನು ಕಲಿಸಿದ್ದನಂತೆ. ಆ ರೋಗಿಗೂ ನಮ್ಮ ಮಂಡ್ಯದಮ್ಮನ ಚೊಂಬಿಗೂ ಬಹಳ ದೂರವಿಲ್ಲ.

ಆ ಅಮ್ಮನಿಗೆ ಮೊದಲು ಬೇರಿಯಂ ಎಕ್ಸ್‌ರೇ ಮಾಡಿಸಿದೆ. ನಿಲ್ಲಿಸಿ, ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ಬೇರಿಯಂ ದ್ರವ ಕುಡಿಸಿ, 1, 2, 5 ನಿಮಿಷಕ್ಕೆ ಚಿತ್ರ ತೆಗೆಯುತ್ತಾರೆ. ಐದನೇ ನಿಮಿಷಕ್ಕೂ ಎದೆಯಲ್ಲಿ ಬಿಳಿ ಕಂಬ ನಿಂತಿತ್ತು, ಕೆಳತುದಿ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿತ್ತು.

ಆಮೇಲೆ ಮ್ಯಾನೊಮೆಟ್ರಿ, ಅಂದರೆ ನಾಳದೊಳಗಿನ ಒತ್ತಡ ಅಳೆಯುವ ಪರೀಕ್ಷೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೆಸರು ಕೇಳಿಯೇ ಜನ ಹೆದರುತ್ತಾರೆ. ಮೂಗಿಗೆ ಮರಗಟ್ಟುವ ಜೆಲ್ಲಿ ಹಚ್ಚಿ ತೆಳು ನಳಿಕೆ ಇಳಿಸುತ್ತೇವೆ. ಅದರ ಉದ್ದಕ್ಕೂ ಸೆಂಟಿಮೀಟರಿಗೊಂದರಂತೆ 36 ಒತ್ತಡದ ಸೆನ್ಸರ್‌ಗಳು. ಇಳಿಸುವಾಗ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಇಳಿದ ಮೇಲೆ ಬಹುಪಾಲು ಜನ ತಡೆದುಕೊಳ್ಳುತ್ತಾರೆ. ಅರಿವಳಿಕೆ ಕೊಡುವಂತಿಲ್ಲ, ಅವರೇ ನುಂಗಬೇಕಲ್ಲ. ಮಲಗಿಸಿ 5 ಮಿ.ಲೀ. ಉಪ್ಪುನೀರು ಬಾಯಿಗೆ ಹಾಕಿ 'ಒಂದೇ ಸಲ ನುಂಗಿ, ಆಮೇಲೆ ಎಂಜಲೂ ನುಂಗಬೇಡಿ' ಅನ್ನುತ್ತೇವೆ. ಹೀಗೆ ಹತ್ತು ಗುಟುಕು, ಮತ್ತೆ ಕೂರಿಸಿ ಐದು. ಎಂಜಲು ನುಂಗದೆ ಅರ್ಧ ನಿಮಿಷ ಇರುವುದೇ ಎಲ್ಲಕ್ಕಿಂತ ಕಷ್ಟ. ಪರದೆಯ ಮೇಲೆ ಕಡಿಮೆ ಒತ್ತಡ ನೀಲಿ, ಹೆಚ್ಚಾದರೆ ಕೆಂಪು. ಆರೋಗ್ಯವಂತರಲ್ಲಿ ಓರೆಯಾಗಿ ಇಳಿಯುವ ಅಲೆ ಕಾಣುತ್ತದೆ, ಕೆಳಗಿನ ಸ್ನಾಯುಬಳೆಯ ಕೆಂಪು ಪಟ್ಟಿ ಅಷ್ಟು ಹೊತ್ತು ಮಾಸುತ್ತದೆ. ಆ ಅಮ್ಮ ಎಷ್ಟು ಸಲ ನುಂಗಿದರೂ ಪಟ್ಟಿ ಮಾಸಲಿಲ್ಲ. ಅಲೆಯ ಬದಲು ಮೇಲಿಂದ ಕೆಳಗಿನವರೆಗೆ ನಾಳವಿಡೀ ಒಮ್ಮೆಗೇ ಬಣ್ಣ ತಿರುಗುತ್ತಿತ್ತು. ಮ್ಯಾನೊಮೆಟ್ರಿ ಚಿತ್ರಗಳನ್ನು ವಿಂಗಡಿಸುವ ಶಿಕಾಗೋ ವರ್ಗೀಕರಣದಲ್ಲಿ ಇದು ಅಕಲೇಸಿಯಾದ ಎರಡನೇ ಬಗೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಬಗೆ. ಅವರ ಗಂಡನನ್ನೂ ಒಳಗೆ ಕರೆದು ಪರದೆ ತೋರಿಸಿದೆ. 'ಮನಸ್ಸಿಗೆ ಹಚ್ಕೊಂಡವ್ಳೆ' ಅನ್ನುವ ಮಾತು ಅಲ್ಲಿಗೆ ನಿಂತಿತು.

ಮ್ಯಾನೊಮೆಟ್ರಿ ಹೇಳಿದ್ದಕ್ಕೂ ನಾನು ಪೂರ್ತಿ ತಲೆದೂಗುವುದಿಲ್ಲ. ಜಠರದ ಬಾಯಲ್ಲಿ ಕ್ಯಾನ್ಸರ್ ಇದ್ದರೂ ಇದೇ ಚಿತ್ರ ಬರಬಹುದು. ವಯಸ್ಸಾದವರು, ಕೆಲವೇ ತಿಂಗಳ ತೊಂದರೆ, ತೂಕ ಸರ್ರನೆ ಇಳಿದಿದೆ, ಎಂಡೋಸ್ಕೋಪಿಯ ನಳಿಕೆ (ಸ್ಕೋಪ್) ಒತ್ತಿದರೂ ಜಠರಕ್ಕೆ ಇಳಿಯುತ್ತಿಲ್ಲ ಅಂದರೆ ಸಿಟಿ ಸ್ಕ್ಯಾನ್ ಇಲ್ಲದೆ ಮುಂದೆ ಹೋಗುವುದಿಲ್ಲ. ದಿನವೂ ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಲ್ಲೂ ನಾಳದ ಚಲನೆ ಕೆಡುತ್ತದೆ, ಹಾಗಾಗಿ ಮಾತ್ರೆಯ ಡಬ್ಬಿಯನ್ನೇ ತರಿಸಿ ನೋಡುತ್ತೇನೆ. ಇನ್ನು ರಕ್ತ ಕಡಿಮೆಯಾಗಿ ಬಿಳಿಚಿಕೊಂಡ, ಉಗುರು ಚಮಚದಂತೆ ಗುಳಿಬಿದ್ದ ಹೆಂಗಸರು ಬಂದರೆ ಗಂಟಲ ಕೆಳಗೆ ತೆಳುಪೊರೆ ಇದೆಯೇ ಎಂದು ಹುಡುಕುತ್ತೇನೆ. ಎಷ್ಟೋ ಸಲ ಸ್ಕೋಪ್ ದಾಟುವಾಗಲೇ ಆ ಪೊರೆ ಹರಿದು ದಾರಿಯಾಗುತ್ತದೆ, ಕಬ್ಬಿಣದ ಮಾತ್ರೆ ಮುಂದುವರಿಸಬೇಕು. ಅಲರ್ಜಿ, ಉಬ್ಬಸ ಇರುವ ಹುಡುಗರಲ್ಲಿ ಗೋಡೆ ಚೆನ್ನಾಗಿ ಕಂಡರೂ ಮೇಲಿಂದ ಕೆಳಗಿಂದ ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತೇನೆ. ಅಲರ್ಜಿಯಲ್ಲಿ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಸೂಕ್ಷ್ಮದರ್ಶಕದಲ್ಲಷ್ಟೇ ಸಿಗುತ್ತವೆ.

ನಶಿಸಿದ ನರವನ್ನು ವಾಪಸ್ ತರುವ ಔಷಧಿ ಇಲ್ಲ. ಬಳೆಯನ್ನು ಬಲೂನಿನಿಂದ ಹಿಗ್ಗಿಸಬಹುದು, ಇಲ್ಲವೇ ಕತ್ತರಿಸಬಹುದು. ಜಪಾನಿನ ಹಾರುಹಿರೊ ಇನೊಯೆ 2008ರಲ್ಲಿ ಶುರುಮಾಡಿದ ಪೊಯೆಮ್ ವಿಧಾನದಲ್ಲಿ ಬಾಯಿಯ ಮೂಲಕವೇ ಸ್ಕೋಪ್ ಇಳಿಸಿ, ಗೋಡೆಯೊಳಗೆ ಸುರಂಗ ಮಾಡಿ ಸ್ನಾಯು ಕತ್ತರಿಸುತ್ತಾರೆ. ಮಂಡ್ಯದಮ್ಮನಿಗೆ ಅದನ್ನೇ ಮಾಡಿದೆವು. ಬಾಗಿಲು ಸಡಿಲವಾದ ಮೇಲೆ ಆಮ್ಲ ಮೇಲೇರುವುದು ಹೆಚ್ಚು, ಹಾಗಾಗಿ ಪ್ಯಾಂಟೊಪ್ರಜೋಲ್ ಈಗ ಸರಿಯಾದ ಕಾರಣಕ್ಕೆ ಬೇಕಾಯಿತು. ಈಗ ಮುದ್ದೆ ಇಳಿಯುತ್ತಿದೆ ಅನ್ನುತ್ತಾರೆ. ಆದರೂ ಮತ್ತೆ ಬೇರಿಯಂ ಚಿತ್ರ ತೆಗೆಸುತ್ತೇನೆ, ಯಾಕೆಂದರೆ ಆರಾಮಾಗಿದ್ದೇನೆ ಅನ್ನುವವರ ನಾಳವೂ ಕೆಲವೊಮ್ಮೆ ಐದನೇ ನಿಮಿಷಕ್ಕೆ ಖಾಲಿಯಾಗಿರುವುದಿಲ್ಲ. ಹಾಗಿದ್ದರೆ ಮುಂದಿನ ಭೇಟಿಯ ತಾರೀಕು ಹತ್ತಿರಕ್ಕೆ ಬರೆದುಕೊಡುತ್ತೇನೆ.