ಸೆಕೆಂಡ್ ಹ್ಯಾಂಡ್ ಕಾರು: ತಣ್ಣಗಿರುವಾಗ ನೋಡಿ, ಟ್ರಾಫಿಕ್‌ನಲ್ಲಿ ಓಡಿಸಿ

ಭಾನುವಾರ ಮಧ್ಯಾಹ್ನ ಹೋಗಿ, ಬಡಾವಣೆಯ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ‘ಪಿಕಪ್ ಚೆನ್ನಾಗಿದೆ’ ಎಂದು ಮುಂಗಡ ಕೊಟ್ಟು ಬರುವವರನ್ನು ಬಹಳ ಕಂಡಿದ್ದೇನೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಬಳಿಯ ಜಾಮ್‌ನಲ್ಲಿ ಕ್ಲಚ್ ಸುಟ್ಟ ವಾಸನೆ ಬಂದಾಗಲೇ ಅವರಿಗೆ ನನ್ನ ನೆನಪಾಗುವುದು. ಓಡಿಸಲು ಖುಷಿ ಕೊಡಬೇಕು, ದಿನವೂ ಕಚೇರಿಗೆ ಒಯ್ಯಬೇಕು, ಐದು ಲಕ್ಷ ದಾಟಬಾರದು ಎಂಬ ಆಸೆ ಖಂಡಿತ ಈಡೇರುವಂಥದ್ದು. ಕಾರನ್ನು ನೋಡುವ ಕ್ರಮ ಸರಿಯಿರಬೇಕು, ಅಷ್ಟೆ.

ಹಂತ 1: ಹಣ. ಐದು ಲಕ್ಷವಿದ್ದರೆ ನಾಲ್ಕೂವರೆಯೊಳಗಿನ ಕಾರುಗಳನ್ನಷ್ಟೇ ನೋಡಿ. ಉಳಿದದ್ದು ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್ ಮತ್ತು ವಿಮೆಗೆ ಬೇಕಾಗುತ್ತದೆ.

ಹಂತ 2: ಆಯ್ಕೆ. ಬೆಂಗಳೂರಿನಲ್ಲಿ ಗರಿಷ್ಠ ವೇಗಕ್ಕೆ ಜಾಗವಿಲ್ಲ. ಹಗುರವಾದ ಮೈ, ಚುರುಕಾದ ಸ್ಟೀರಿಂಗ್, ನುಣುಪಾಗಿ ಬೀಳುವ ಗೇರ್ ಇದ್ದರೆ ನಲವತ್ತರ ವೇಗದಲ್ಲೂ ಖುಷಿಯಿದೆ. ನನ್ನ ಮೊದಲ ಆಯ್ಕೆ ಪೆಟ್ರೋಲ್ ಸ್ವಿಫ್ಟ್, ಮ್ಯಾನ್ಯುಯಲ್. 2018ರ ಮಾದರಿ 900 ಕಿಲೋಗಿಂತ ಹಗುರ, ಸುಮಾರು 83 ಅಶ್ವಶಕ್ತಿ. ಅದು ಕೈಗೆಟುಕದಿದ್ದರೆ 2011ರಲ್ಲಿ ಬಂದ ಹಿಂದಿನ ಮಾದರಿಯೂ ಒಳ್ಳೆಯದೇ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇದ್ದೇ ಇದೆ. ಫೋರ್ಡ್ ಫಿಗೊ ಸ್ಟೀರಿಂಗ್ ಇನ್ನೂ ಸೊಗಸು. ಆದರೆ ಕಂಪನಿ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿದೆ, ಬಿಡಿಭಾಗ ಹುಡುಕುವ ತಾಳ್ಮೆ ಇದ್ದವರು ಕೊಳ್ಳಲಿ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಎಲ್ಲರ ಕನಸು. 2020ಕ್ಕೂ ಮೊದಲಿನ ಕಾರುಗಳಲ್ಲಿರುವ ಏಳು ವೇಗದ ಡಿಎಸ್‌ಜಿ (ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಒಣ ಕ್ಲಚ್‌ನದು, ಅಂದರೆ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ. ನಿಂತು ಸಾಗುವ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ, ಕೆಟ್ಟರೆ ದುರಸ್ತಿ ದುಬಾರಿ. ಹೊರವರ್ತುಲ ರಸ್ತೆಯಲ್ಲಿ ದಿನವೂ ಓಡಾಡುವವರು ಅದನ್ನು ಬಿಟ್ಟುಬಿಡಿ. ಬಿಎಸ್6 (2020ರಿಂದ ಜಾರಿಗೆ ಬಂದ ಹೊಗೆ ನಿಯಮದ) ಡೀಸೆಲ್ ಕೂಡ ಬೇಡ: ಅದರ ಹೊಗೆ ಶೋಧಕ ಶುಚಿಯಾಗಲು ಆಗಾಗ ಹೆದ್ದಾರಿಯ ಓಟ ಬೇಕು. ಸೈಲೆನ್ಸರ್ ಬದಲಿಸಿದ, ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಹಂತ 3: ನೋಡುವುದು. ಎಡವುವುದು ಇಲ್ಲೇ. ಬೆಳಿಗ್ಗೆ ಏಳಕ್ಕೆ ಹೋಗಿ, ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಎಂಜಿನ್ ಓಡಿಸಿದ್ದಾರೆ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ತಣ್ಣನೆಯ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಸ್ಟಾರ್ಟ್ ಮಾಡುವಾಗ ಜೊತೆಗಾರರನ್ನು ಹಿಂದೆ ನಿಲ್ಲಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅಲ್ಲಿಗೆ ಮುಗಿಯಿತು. ಬಿಳಿ ಹಬೆ ಚಳಿಯಲ್ಲಿ ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಂಜಿನ್ ತಣಿಸುವ ದ್ರವ (ಕೂಲಂಟ್) ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಕೆನೆಬಣ್ಣದ ಜಿಡ್ಡಿದ್ದರೂ ಅದೇ ಅನುಮಾನ. ಆಯಿಲ್‌ಗೆ ಬೆರೆಸಿ ಎಂಜಿನ್ ಸದ್ದು ಅಡಗಿಸುವ ಗಟ್ಟಿ ದ್ರಾವಣಗಳು ಡಬ್ಬಿಯಲ್ಲಿ ಸಿಗುತ್ತವೆ. ಅವು ಏನನ್ನೂ ಗುಣಪಡಿಸುವುದಿಲ್ಲ, ಕೆಲವು ದಿನ ಮುಚ್ಚಿಡುತ್ತವೆ.

ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದರೆ ಕಾರ್ಖಾನೆಯ ಬೆಸುಗೆಯ ಗುಂಡನೆಯ ಗುರುತುಗಳು ಸಾಲಾಗಿ ಕಾಣಬೇಕು. ಅವು ಅಳಿಸಿದ್ದರೆ, ಅಡ್ಡಾದಿಡ್ಡಿಯಾಗಿದ್ದರೆ ಬಾಗಿಲ ಚೌಕಟ್ಟಿನ ಆ ಕಂಬ ಪೆಟ್ಟು ತಿಂದಿದೆ. ಬಾನೆಟ್ ಬೋಲ್ಟುಗಳ ಬಣ್ಣ ಎದ್ದಿದ್ದರೆ ಯಾಕೆ ಬಿಚ್ಚಿದರೆಂದು ಕೇಳಿ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟೋ ಕಾರುಗಳು ಮುಳುಗಿದವು. ಹಾಗಾಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಹುಡುಕಿ. ಸ್ಟೆಪ್ನಿ ತೆಗೆದು ಅದರ ಗುಂಡಿಯನ್ನೂ, ಸೀಟಿನ ಹಳಿಯ ತುಕ್ಕನ್ನೂ ನೋಡಿ. ಒಳಗೆ ಸುಗಂಧ ಘಮ್ಮೆಂದರೆ ಕಾರ್ಪೆಟ್ ಎತ್ತಿಸಲೇಬೇಕು. ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನೂ ಓದಿ: 2319 ಎಂದರೆ 2019ರ 23ನೇ ವಾರದ ಟೈರ್. ಮೀಟರ್ ಇಪ್ಪತ್ತೈದು ಸಾವಿರ ಕಿ.ಮೀ. ತೋರಿಸುತ್ತಿದ್ದು ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ; ಮಾಲೀಕರನ್ನು ಜೊತೆಗೆ ಕರೆದೊಯ್ದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ದಾಖಲೆ ಕೇಳಿ.

ಹಂತ 4: ಓಡಿಸುವುದು. ಒಂದು ಗಂಟೆಗಿಂತ ಕಡಿಮೆ ಒಪ್ಪಬೇಡಿ. ಮೊದಲು ಟ್ರಾಫಿಕ್‌ಗೆ ಹೋಗಿ. ಎಸಿ ಹಾಕಿ, ರೇಡಿಯೊ ಆರಿಸಿ. ಪೆಡಲ್ ಪೂರ್ತಿ ಮೇಲೆ ಬಂದಾಗಷ್ಟೇ ಕ್ಲಚ್ ಹಿಡಿಯುತ್ತಿದ್ದರೆ ಅದರ ಆಯುಸ್ಸು ಮುಗಿಯುತ್ತಿದೆ. ಅನುಮಾನವಿದ್ದರೆ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡಿ: ಎಂಜಿನ್ ಆಫ್ ಆಗಬೇಕು. ಆಗದೆ ತಿರುಗುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಜಾಮ್‌ನಲ್ಲಿ ನಿಂತಾಗ ತಾಪದ ಮುಳ್ಳು ಅರ್ಧ ದಾಟಬಾರದು. ಗುಂಡಿ ಬಿದ್ದ ಅಡ್ಡರಸ್ತೆಯಲ್ಲಿ ಕಿಟಕಿ ಇಳಿಸಿ ಎರಡನೇ ಗೇರಿನಲ್ಲಿ ಸಾಗಿ. ಸಣ್ಣ ಟಕಟಕ ಸದ್ದು ಬಹುತೇಕ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅಥವಾ ಬುಷ್‌ನದು, ಹೆದರಬೇಕಿಲ್ಲ. ಧಡ್ಡೆನ್ನುವ ಭಾರದ ಸದ್ದಿಗೆ ಮೆಕ್ಯಾನಿಕ್ ಬೇಕು. ಆಮೇಲೆ ವೇಗವಾಗಿ ಸಾಗಬಹುದಾದ ನೈಸ್ ರಸ್ತೆ. ಸ್ಟೀರಿಂಗ್ ಮೇಲೆ ಹಗುರವಾಗಿ ಕೈಯಿಟ್ಟು ಕಾರು ಒಂದು ಬದಿಗೆ ಎಳೆಯುತ್ತದೆಯೇ, ಬ್ರೇಕ್ ಒತ್ತಿದಾಗ ಅದುರುತ್ತದೆಯೇ ಎಂದು ಗಮನಿಸಿ. ಕೊನೆಗೆ ಬಿಸಿ ಎಂಜಿನ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ: ತಡವರಿಸದೆ ಶುರುವಾಗಬೇಕು. ಮಾರುವವರ ‘ಇನ್ನೂರು ಅಂಶಗಳ ತಪಾಸಣೆ’ ಪತ್ರ ಏನೇ ಹೇಳಲಿ, ನಿಮ್ಮ ಮೆಕ್ಯಾನಿಕ್‌ನ ಲಿಫ್ಟ್ ಮೇಲೆ ಎತ್ತಿಸಿಯೇ ದರ ಮಾತಾಡಿ.

ಹಂತ 5: ಕಾಗದ. ಆರ್‌ಸಿಯ ಷಾಸಿ ಸಂಖ್ಯೆ ಕಾರಿನದಕ್ಕೆ ಹೊಂದಬೇಕು. ಬಾಕಿ ಸಂಚಾರ ದಂಡವನ್ನು ಮಾರುವವರಿಂದಲೇ ಕಟ್ಟಿಸಿ. ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದ ಕಾರಿಗೆ ಫಾರಂ 35 ಮತ್ತು ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ. ಹೊರರಾಜ್ಯದ ಕಾರು ಅಗ್ಗವೆನಿಸಿದರೆ ಆ ರಾಜ್ಯದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತರುವ ಅಲೆದಾಟ ಮತ್ತು ಕರ್ನಾಟಕದ ಜೀವಿತಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಕಂತು ಏರುತ್ತದೆ. ವರ್ಗಾವಣೆ ಅರ್ಜಿಯ ಸ್ವೀಕೃತಿ ಕೈಗೆ ಬರುವವರೆಗೆ ಹಣದ ಒಂದು ಭಾಗವನ್ನು ಉಳಿಸಿಕೊಳ್ಳಿ. ಈ ಮಾತನ್ನು ಮುಂಗಡ ಕೊಡುವ ದಿನವೇ ಕಾಗದದಲ್ಲಿ ಬರೆಸಿ.