ಹಿನ್ನೀರಿನ ದಂಡ್ಯಾಗ ಗೊರವ ಹಕ್ಕಿ ಗುರುತು ಹಿಡಿಯೋದು ಹೆಂಗ?

ಆಲಮಟ್ಟಿ ಡ್ಯಾಮ್ ತುಂಬಿತು ಅಂತ ಸುದ್ದಿ ಬಂದ ಕೂಡ್ಲೇ ಮಂದಿ ಗಾಡಿ ಹತ್ತಿ ಹೊಂಡ್ತಾರ, ಗೇಟ್ ತಗದದ್ದು ನೋಡಾಕ ಅದು ಬರೋಬ್ಬರಿ ಟೈಮ್, ಆದ್ರ ಗೊರವ ನೋಡಬೇಕಂದ್ರ ಆವಾಗ ಹೋಗಿ ಉಪಯೋಗಿಲ್ಲ. ನೀರು ಇಳಿಬೇಕು. ಈ ಹಕ್ಕಿಗೋಳು ಬಾತುಕೋಳಿ ಹಂಗ ಈಜಾಡಿ ಹೊಟ್ಟಿ ತುಂಬಿಸ್ಕೊಳ್ಳೋವಲ್ಲ, ನೀರು ಮುಗದು ಒಣ ನೆಲ ಶುರು ಆಗೋ ನಡುವಿನ ಹಸಿ ರಾಡಿ ಐತಲ್ಲ, ಅದರಾಗ ಹುಳ ಹೆಕ್ಕಿ ತಿಂದು ಬದುಕೋವು. ನೀರು ತುಂಬಿ ದಂಡಿ ಮುಳುಗಿತು ಅಂದ್ರ ಅವುಗಳ ತಾಟ ಮುಳುಗಿದಂಗ.

ಅದಕ್ಕ ಮೊದಲನೇ ಕೆಲಸ ಏನಂದ್ರ ಡ್ಯಾಮಿನ ನೀರಿನ ಮಟ್ಟ ನೋಡೋದು. ದಿನಾ ಪೇಪರ್‌ನ್ಯಾಗ ಬರ್ತೈತಿ. ಆಲಮಟ್ಟಿ ಪೂರ್ತಿ ತುಂಬಿದ್ರ 519.60 ಮೀಟರ್, ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಅಲ್ಲಿ ಮುಟ್ಟತೈತಿ, ಮುಂದ ಹಿಂಗಾರಿ ಬೆಳಿಗೆ ಕಾಲುವಿಗೆ ಬಿಟ್ಟಂಗ ಬಿಟ್ಟಂಗ ಇಳಕೋತ ಹೋಗ್ತೈತಿ. ನಮ್ಮ ಕಡೆ ಎರಿ ಹೊಲ ಸಪಾಟ ಇರೋದ್ರಿಂದ ಮಟ್ಟ ಸ್ವಲ್ಪ ಇಳಿದ್ರೂ ದಂಡಿ ದೂರ ದೂರ ಸರಿತೈತಿ, ಹೊಸಾ ರಾಡಿ ತೆರಕೊಂತೈತಿ. ಡಿಸೆಂಬರ್‌ದಿಂದ ಮಾರ್ಚ್ ತನಕ ಭಾಳ ಚಲೋ. ಹಕ್ಕಿ ಬರೋದು ಮಾತ್ರ ಅದಕ್ಕೂ ಮೊದಲ, ಜುಲೈ ಕೊನಿ, ಆಗಸ್ಟ್‌ನ್ಯಾಗ ಕೆಲವು ಗೊರವ ಬಂದುಬಿಟ್ಟಿರ್ತಾವ, ಆವಾಗ ಹಿನ್ನೀರಿನ್ಯಾಗ ಹುಡುಕಬ್ಯಾಡ್ರಿ, ಕೃಷಿ ಹೊಂಡ, ನೀರು ನಿಂತ ಹೊಲ, ರಸ್ತೆ ಪಕ್ಕದ ತಗ್ಗು ಇಂಥಾ ಕಡೆ ನೋಡ್ರಿ.

ಜಾಗ ಅಂದ್ರ ಬಾಗಲಕೋಟಿ ಮಂದಿಗೆ ಹೆರಕಲ್, ಅನಗವಾಡಿ ಕಡೆ ಹಿನ್ನೀರು ಐತಿ. ವಿಜಯಪುರದವರಿಗೆ ಊರ ಹತ್ರನ ಭೂತನಾಳ ಕೆರಿ, ಸ್ವಲ್ಪ ದೂರ ಹೋಗ್ತೀನಿ ಅಂದ್ರ ಆದಿಲಶಾಹಿ ಕಾಲದ ಮಮದಾಪುರ ಕೆರಿ. ಬೆಳಗಾವಿ ಕಡೆಯವರಿಗೆ ಹಿಡಕಲ್ ಡ್ಯಾಮ್, ಗೋಕಾಕ ಹತ್ರ ಧೂಪದಾಳ. ಧೂಪದಾಳದ ಘಟಪ್ರಭಾ ಪಕ್ಷಿಧಾಮ 1974ರಾಗ ಆದದ್ದು, ಅಲ್ಲಿಗೆ ಹೋದೋರೆಲ್ಲ ಕೊಕ್ಕರಿ, ಬಾತು ನೋಡಿ ವಾಪಸ್ ಬರ್ತಾರ, ಕಾಲ ಬುಡದಾಗ ರಾಡ್ಯಾಗ ಓಡಾಡೋ ಕಂದು ಹಕ್ಕಿ ಕಡೆ ಯಾರೂ ತಿರುಗಿ ನೋಡಂಗಿಲ್ಲ. ನನಗ ಇದು ಭಾಳ ಬ್ಯಾಸರ.

ಹೋಗೂದು, ನಿಲ್ಲೂದು

ಬೈನಾಕ್ಯುಲರ್ ಬೇಕ ಬೇಕು, 8×42 (ಎಂಟು ಪಟ್ಟು ದೊಡ್ಡದು ಮಾಡಿ ತೋರಸೋದು, ಮುಂದಿನ ಗಾಜು 42 ಮಿಲಿಮೀಟರ್) ಸಾಕು, ಇನ್ನೂ ದೊಡ್ಡದು ತಗೊಂಡ್ರ ಕೈ ನಡಗಿ ಹಕ್ಕಿನೂ ನಡಗತೈತಿ. ಮುಂಜಾನೆ ಜಲ್ದಿ ಹೋಗ್ರಿ, ಸೂರ್ಯ ಬೆನ್ನಿಗೆ ಇರಬೇಕು, ಅಂದ್ರ ಮುಂಜಾನೆ ನೀರಿನ ಪೂರ್ವ ದಂಡಿ, ಸಂಜಿಕ ಪಶ್ಚಿಮ ದಂಡಿ. ಉಲ್ಟಾ ನಿಂತ್ರಿ ಅಂದ್ರ ಎಲ್ಲಾ ಹಕ್ಕಿನೂ ಕರ್ರಗ ಕಾಣ್ತಾವ. ಬಿಸಲ ಏರಿದ ಮ್ಯಾಲೆ ಎರಿ ನೆಲದಿಂದ ಝಳ ಏಳತೈತಿ, ಆವಾಗ ಎಷ್ಟು ದುಬಾರಿ ಬೈನಾಕ್ಯುಲರ್ ಇದ್ರೂ ಹಕ್ಕಿ ಕಾಲು ನೀರಿನ್ಯಾಗಿನ ನೆರಳಿನಂಗ ಕುಣಿತಾವ, ಕಾಲಿನ ಬಣ್ಣ ಗೊತ್ತಾಗಂಗಿಲ್ಲ, ಮನಿಗೆ ಹೊಂಡೋದು ಬೆಸ್ಟ್. ಇನ್ನೊಂದು, ಒಣಗಿ ಬಿರುಕು ಬಿಟ್ಟ ರಾಡಿ ಮ್ಯಾಲೆ ಗಟ್ಟಿ ಕಾಣ್ತೈತಿ, ಒಳಗ ಮೊಣಕಾಲ ತನಕ ಹಸಿ ಇರ್ತೈತಿ. ದನದ ಹೆಜ್ಜಿ ಇರೋ ಹಾದ್ಯಾಗಷ್ಟ ನಡೀರಿ, ಒಬ್ರ ಹೋಗಬ್ಯಾಡ್ರಿ.

ಬಣ್ಣ ಬಿಡ್ರಿ, ಕಾಲು ಚುಂಚು ನೋಡ್ರಿ

ಹೊಸಬರು ಮೊದಲ ಬಣ್ಣ ನೋಡ್ತಾರ, ಎಲ್ಲಾ ಮಣ್ಣಿನ ಬಣ್ಣನ ಅದಾವಲ್ಲ ಅಂತ ತಲಿ ಕೆಡಸ್ಕೊಂತಾರ. ಚಳಿಗಾಲಕ್ಕ ನಮ್ಮ ಕಡೆ ಬಂದಾಗ ಬಹಳಷ್ಟು ಗೊರವ ಕಂದು, ಬೂದಿ ಬಣ್ಣದಾಗ ಇರ್ತಾವ, ಮದವಿ ಬಟ್ಟಿ ಎಲ್ಲಾ ಆ ಕಡೆ ಮರಿ ಮಾಡೋ ದೇಶದಾಗ. ಬಣ್ಣದ ಬದಲಿ ನಾಕು ವಿಷಯ ನೋಡ್ರಿ: ಗುಬ್ಬಿ, ಮೈನಾ, ಪಾರಿವಾಳ ಇದರಾಗ ಯಾವುದರಷ್ಟು ಐತಿ, ಕಾಲಿನ ಬಣ್ಣ ಏನು, ಚುಂಚು ತಲಿಗಿಂತ ಉದ್ದೋ ಗಿಡ್ಡೋ, ಮತ್ತ ಅದು ನಡಿಯೋ ರೀತಿ. ಕೊನೇದು ಭಾಳ ಮುಖ್ಯ. ಓಡಿ, ಗಪ್ಪನ ನಿಂತು, ಒಂದು ಕುಕ್ಕಿ, ಮತ್ತ ಓಡಿತು ಅಂದ್ರ ಅದು ಪ್ಲೋವರ್ ಜಾತಿ, ಅವು ಕಣ್ಣಿಲೆ ನೋಡಿ ಬೇಟೆ ಆಡೋವು, ಚುಂಚು ಗಿಡ್ಡ. ತಲಿ ತಗ್ಗಿಸಿ ನಡಕೋತ ನಡಕೋತ ರಾಡಿ ಚುಚ್ಚಿದ್ರ ಅದು ಗೊರವ, ಉದ್ದ ಚುಂಚಿನ ತುದಿಗೆ ಸೂಕ್ಷ್ಮ ನರ ಇರೋದ್ರಿಂದ ಹುಳ ಕಣ್ಣಿಗೆ ಕಾಣಲಿಲ್ಲಂದ್ರೂ ಒಳಗ ಮುಟ್ಟಿ ಗೊತ್ತು ಮಾಡ್ಕೊಂತಾವ.

ಮೊದಲ ದಿನ ಇಲ್ಲೇ ವರ್ಷಪೂರ್ತಿ ಇರೋವನ್ನ ಕಲೀರಿ. ಟಿಟ್ಟಿಭ ಎಲ್ಲಾರಿಗೂ ಗೊತ್ತು, ರಾತ್ರಿ ಹೊಲದಾಗ ಒದರೋದು ಅದ. ಉದ್ದನ ಗುಲಾಬಿ ಕಾಲು, ಕರಿ ರೆಕ್ಕಿ, ಬಿಳಿ ಹೊಟ್ಟಿ, ಸೂಜಿ ಚುಂಚು ಇದ್ರ ಮೆಟ್ಟುಗಾಲು ಹಕ್ಕಿ. ಇವೆರಡು ಕಣ್ಣಿಗೆ ಕೂತ್ವು ಅಂದ್ರ ಉಳಿದದ್ದನ್ನ ಅವುಗಳ ಪಕ್ಕ ಇಟ್ಟು ಅಳಿಬಹುದು.

ಈಗ ನಿಜವಾದ ತಲಿನೋವು. ಮೈನಾದಷ್ಟು ಮೂರು ಗೊರವ ಅದಾವ, ನಮ್ಮ ಪ್ರತಿ ಕೆರಿ ದಂಡ್ಯಾಗೂ ಸಿಗ್ತಾವ, ಪ್ರತಿ ಸಲ ಜಗಳ ಹಚ್ತಾವ. ಒಂದು ಕಾಮನ್ ಸ್ಯಾಂಡ್‌ಪೈಪರ್. ಕಲ್ಲಿನ ಮ್ಯಾಲೆ ಒಂದ ಕೂತಿರ್ತೈತಿ, ಹಿಂಭಾಗ ಮ್ಯಾಲೆ ಕೆಳಗ ಮ್ಯಾಲೆ ಕೆಳಗ ಕುಣಿಸ್ಕೋತ ಇರ್ತೈತಿ, ನಿಲ್ಲಸಂಗ ಇಲ್ಲ, ಎದಿ ಪಕ್ಕದಾಗ ರೆಕ್ಕಿ ಮುಂದ ಬಿಳಿ ಪಟ್ಟಿ ಮ್ಯಾಲೆ ಏರಿರ್ತೈತಿ, ಹಾರಿದ್ರ ನೀರಿಗೆ ತಗಲೋ ಹಂಗ ಕೆಳಗ ಹಾರ್ತೈತಿ, ರೆಕ್ಕಿ ಪೂರ್ತಿ ಎತ್ತಂಗಿಲ್ಲ, ಪಟಪಟ ಬಡದು ಹಂಗ ತೇಲತೈತಿ. ಎರಡನೇದು ವುಡ್ ಸ್ಯಾಂಡ್‌ಪೈಪರ್. ಬೆನ್ನ ಮ್ಯಾಲೆ ದೊಡ್ಡ ದೊಡ್ಡ ಬಿಳಿ ಚುಕ್ಕಿ, ಬಿಳಿ ಹುಬ್ಬು ಕಣ್ಣು ದಾಟಿ ಹಿಂದ ತನಕ ಹೋಗಿರ್ತೈತಿ, ಕಾಲು ಹಳದಿ, ಒಂದ ಇರೋದು ಕಡಿಮಿ, ಹತ್ತಾರು ಕೂಡಿ ಇರ್ತಾವ. ಮೂರನೇದು ಗ್ರೀನ್ ಸ್ಯಾಂಡ್‌ಪೈಪರ್, ಬೆನ್ನು ಕಪ್ಪನೆ ಕಂದು, ಚುಕ್ಕಿ ಸಣ್ಣ, ಹುಬ್ಬು ಕಣ್ಣಿನ ಮುಂದನ ಮುಗಿತೈತಿ, ಕಾಲು ಹಸಿರು ಛಾಯೆ. ಹೆದರಿಕಿ ಜಾಸ್ತಿ, ನೀವು ನೋಡೂದರಾಗ ಹಾರಿರ್ತೈತಿ, ಹಾರಲಿ ಬಿಡ್ರಿ, ಹಾರಿದಾಗನ ಗುರುತು ಪಕ್ಕಾ ಆಗ್ತೈತಿ, ಯಾಕಂದ್ರ ಮ್ಯಾಲೆಲ್ಲಾ ಕರ್ರಗಿದ್ದು ಹಿಂದ ಮಾತ್ರ ಬೆಳ್ಳಗ ಹೊಳಿತೈತಿ ಮತ್ತ ರೆಕ್ಕಿ ಕೆಳಭಾಗನೂ ಕಪ್ಪು. ವುಡ್ ಸ್ಯಾಂಡ್‌ಪೈಪರಿಗೆ ರೆಕ್ಕಿ ಕೆಳಗ ತಿಳಿ ಬಣ್ಣ. ಈ ಮೂರು ಬಿಡಿಸಿ ಹೇಳಾಕ ಬಂತಂದ್ರ ಅರ್ಧ ಕೋರ್ಸ್ ಮುಗದಂಗ.

ಪಾರಿವಾಳದಷ್ಟು, ಚುಂಚು ತುದಿ ಸ್ವಲ್ಪ ಮ್ಯಾಲೆ ಬಾಗಿದ್ದು, ಹಸಿರು ಕಾಲು, ಹಾರುವಾಗ ಮೂರು ಸಲ ಸೀಟಿ ಹೊಡದ್ರ ಹಸಿರುಗಾಲು ಗೊರವ. ಕೆಂಪು ಕಾಲಿಂದು, ಹಾರಿದಾಗ ರೆಕ್ಕಿ ಹಿಂಬದಿ ಅಂಚಿಗೆ ಬಿಳಿ ಇದ್ರ ಕೆಂಪುಗಾಲು ಗೊರವ. ಉದ್ದ ನೆಟ್ಟನ ಚುಂಚು, ಬುಡ ಗುಲಾಬಿ, ಹಾರಿದಾಗ ಕರಿ ಬಾಲ, ರೆಕ್ಕಿಗೆ ಬಿಳಿ ಪಟ್ಟಿ ಅಂದ್ರ ಕರಿಬಾಲದ ಗಾಡ್‌ವಿಟ್, ಹೊಟ್ಟಿ ತನಕ ನೀರಿನ್ಯಾಗ ನಿಂತು ತಲಿ ಮುಳುಗಿಸಿ ತಿಂತೈತಿ.

ಪ್ಲೋವರ್‌ನ್ಯಾಗ ಎರಡು ಸಾಕು. ಕಣ್ಣ ಸುತ್ತ ಹಳದಿ ಉಂಗುರ, ಕೊರಳಿಗೆ ಪೂರ್ತಿ ಕರಿ ಪಟ್ಟಿ ಇದ್ರ ಲಿಟಲ್ ರಿಂಗ್ಡ್ ಪ್ಲೋವರ್. ಪಟ್ಟಿ ನಡುವ ತುಂಡಾಗಿ, ಕಾಲು ಕಪ್ಪಿದ್ರ ಕೆಂಟಿಶ್ ಪ್ಲೋವರ್. ಮೊದಲನೇದನ್ನ ಸ್ವಲ್ಪ ಹೊತ್ತು ಕೂತು ನೋಡ್ರಿ, ಒಂದು ಕಾಲು ಮುಂದ ಚಾಚಿ ರಾಡಿ ಮ್ಯಾಲೆ ತಟತಟತಟ ನಡಗಿಸ್ತೈತಿ, ಒಳಗಿನ ಹುಳ ಅಲುಗಾಡತಾವ, ಅಷ್ಟರಾಗ ಕುಕ್ಕಿಬಿಡತೈತಿ. ನೂರು ಸಲ ನೋಡಿದ್ರೂ ಸಾಕನ್ನಸಂಗಿಲ್ಲ.

ಎಲ್ಲಾದಕಿಂತ ಸಣ್ಣದು ಸ್ಟಿಂಟ್. ಗುಬ್ಬಿಯಷ್ಟು. ಕಾಲು ಕಪ್ಪಿದ್ರ ಲಿಟಲ್ ಸ್ಟಿಂಟ್, ಹಳದಿ ಇದ್ರ ಟೆಮಿಂಕ್ಸ್ ಸ್ಟಿಂಟ್. ಈ ಲಿಟಲ್ ಸ್ಟಿಂಟ್ ತೂಕ ಮೂವತ್ತು ಗ್ರಾಂ ಆಜುಬಾಜು, ಮರಿ ಮಾಡೋದು ಉತ್ತರ ಧ್ರುವದ ಹತ್ರ ಸೈಬೀರಿಯಾ ಕಡೆ ಗಿಡ ಮರ ಇಲ್ಲದ ಬಯಲಿನ್ಯಾಗ, ಚಳಿಗಾಲಕ್ಕ ನಮ್ಮ ಕೃಷ್ಣಾ ದಂಡಿ ರಾಡಿಗೆ. ಹೆಂಗ ಸಾಧ್ಯ ಅಂದ್ರ ಹೊಂಡೋ ಮೊದಲ ಸಿಕ್ಕಾಪಟ್ಟೆ ತಿಂದು ಮೈಯಾಗ ಕೊಬ್ಬು ತುಂಬ್ಕೊಂತಾವ, ಅದ ಹಾದಿಗೆ ಬುತ್ತಿ, ನಡುನಡುವ ಕೆರಿ, ಹೊಳಿ ದಂಡ್ಯಾಗ ಇಳದು ಮತ್ತ ತುಂಬ್ಕೊಂಡು ಮುಂದ ಹೋಗ್ತಾವ. ಎಷ್ಟೋ ಜಾತ್ಯಾಗ ತಂದಿತಾಯಿ ಮೊದಲ ಹೊಂಟುಬಿಡ್ತಾವ, ಆ ವರ್ಷದ ಮರಿ ಹಿಂದಿಂದ ತಾವ ಹಾದಿ ಹಿಡದು ಬರ್ತಾವ. ಕಡಲದಂಡ್ಯಾಗಿನ ಸೋದರ ಜಾತಿ ಪಟ್ಟೆಬಾಲದ ಗಾಡ್‌ವಿಟ್‌ದು ಒಂದು ಮರಿ, ಐದು ತಿಂಗಳಿಂದು, 2022ರ ಅಕ್ಟೋಬರ್‌ನ್ಯಾಗ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾ ತನಕ ಸುಮಾರು 13,560 ಕಿಲೋಮೀಟರ್ ಎಲ್ಲೂ ಇಳಿಲಾರದ 11 ದಿನದಾಗ ಹಾರಿದ್ದು ಸ್ಯಾಟಲೈಟ್ ಟ್ಯಾಗಿನ್ಯಾಗ ರೆಕಾರ್ಡ್ ಆಗೈತಿ. ನಮ್ಮ ಹಕ್ಕಿಗೋಳದ್ದು ಬ್ಯಾರೆ ಹಾದಿ, ಮಧ್ಯ ಏಷ್ಯಾ ವಲಸೆ ಹಾದಿ ಅಂತಾರ, ಉತ್ತರ ಧ್ರುವದಿಂದ ಹಿಂದೂ ಮಹಾಸಾಗರದ ತನಕ 30 ದೇಶ ಅದರಾಗ ಬರ್ತಾವ. ಒಂದು ಕಡೆ ಇಳಿಯೋ ಜಾಗ ಹಾಳಾತಂದ್ರ ಮುಂದಿನ ಪಯಣಕ್ಕ ಕೊಬ್ಬು ಸಾಲಂಗಿಲ್ಲ. 2024ರ ಅಕ್ಟೋಬರ್‌ನ್ಯಾಗ ಹೊಸಾ ಕೆಂಪು ಪಟ್ಟಿ (ಅಳಿವಿನ ಅಪಾಯದಾಗಿರೋ ಜೀವಿಗಳ ಜಾಗತಿಕ ಪಟ್ಟಿ) ಬಂದಾಗ ಜಗತ್ತಿನ 16 ವಲಸೆ ದಂಡೆಹಕ್ಕಿ ಜಾತಿಗಳನ್ನ ಹೆಚ್ಚು ಅಪಾಯದ ವರ್ಗಕ್ಕ ಹಾಕ್ಯಾರ.

ನೋಡಿದ್ದು ಬರೀರಿ

ಫೋಟೋ ಸ್ಟೇಟಸ್‌ಗೆ ಹಾಕಿದ್ರ ಮರುದಿನ ಹೋಗಿಬಿಡತೈತಿ. ಇ-ಬರ್ಡ್ ಆ್ಯಪ್‌ನ್ಯಾಗ ದಿನಾಂಕ, ಜಾಗ, ಎಷ್ಟು ಹಕ್ಕಿ ಅಂತ ಹಾಕ್ರಿ, ಫ್ರೀ ಐತಿ. ಗುಂಪು ದೊಡ್ಡದಿದ್ರ ಹತ್ತು ಹಕ್ಕಿ ಎಷ್ಟು ಜಾಗ ಹಿಡಿತಾವ ನೋಡ್ಕೊಂಡು, ಅಂಥಾ ಎಷ್ಟು ತುಂಡು ಆಗ್ತಾವ ಅಂತ ಲೆಕ್ಕ ಹಾಕ್ರಿ, ಸುಮ್ಮನ 'ಭಾಳ ಇದ್ವು' ಅಂದ್ರ ಯಾರಿಗೂ ಉಪಯೋಗಿಲ್ಲ. ಪ್ರತಿ ಜನವರಿ ಏಷ್ಯನ್ ಜಲಪಕ್ಷಿ ಗಣತಿ ಇರ್ತೈತಿ, 1987ರಿಂದ ನಡಕೋತ ಬಂದೈತಿ, ಒಂದು ಕೆರಿ ನಿಮ್ಮದು ಅಂತ ಇಟ್ಕೊಂಡು ವರ್ಷಾ ಅದನ್ನ ಎಣಸ್ರಿ. ಯಾವುದರ ಕಾಲಿಗೆ ಉಂಗುರ, ಬಣ್ಣದ ಪ್ಲಾಸ್ಟಿಕ್ ಚೀಟಿ ಕಂಡ್ರ ಎಡಗಾಲೋ ಬಲಗಾಲೋ, ಮೊಣಕಾಲ ಮ್ಯಾಲೋ ಕೆಳಗೋ, ಬಣ್ಣ ಯಾವುದು, ಅಕ್ಷರ ಏನು ಎಲ್ಲಾ ಬರಕೊಂಡು ಇ-ಬರ್ಡ್ ಲಿಸ್ಟಿನ ಜೊತಿಗೆ ಹಾಕ್ರಿ, ಆ ಹಕ್ಕಿ ಎಲ್ಲಿಂದ ಬಂತು ಅಂತ ಅದರಿಂದ ಗೊತ್ತಾಗ್ತೈತಿ.

ಉಳಸೂದು

ಹಾರೋ ಫೋಟೋ ಬೇಕಂತ ಗುಂಪಿನ ಕಡೆ ಓಡೋರು, ಡ್ರೋನ್ ಬಿಡೋರು ದಯವಿಟ್ಟು ಮನ್ಯಾಗ ಇರ್ರಿ. ಒಂದೊಂದು ಸಲ ಎಬ್ಬಿಸಿದಾಗೂ ಕೂಡಿಟ್ಟ ಕೊಬ್ಬು ಖರ್ಚಾಗ್ತೈತಿ. ಹರದ ಮೀನಿನ ಬಲಿ ದಂಡ್ಯಾಗ ಬಿದ್ದಿದ್ರ ಸುತ್ತಿ ತಗೊಂಡು ಬರ್ರಿ, ಕಾಲು ಸಿಕ್ಕೊಂಡು ಸಾಯ್ತಾವ. ಹಕ್ಕಿ ಹಿಡಿಯಾಕ ಬಲಿ ಕಟ್ಟಿದ್ದು ಕಂಡ್ರ ಜಗಳಕ್ಕ ಹೋಗಬ್ಯಾಡ್ರಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಮಾಡ್ರಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಹಿನ್ನೀರು ಇಳಿದ ಜಾಗದಾಗ ಬೆಳಿ ಹಾಕೋ ರೈತರ ಮ್ಯಾಲೆ ಸಿಟ್ಟು ಮಾಡೋದು ನನಗ ಸರಿ ಅನ್ನಸಂಗಿಲ್ಲ, ಊರು ಹೊಲ ಮುಳುಗಿಸ್ಕೊಂಡೋರು ಅವರು. ಮಾತಾಡಿದ್ರ ಕೇಳ್ತಾರ. ಮಾರ್ಚ್ ನಂತರ ಟಿಟ್ಟಿಭ ಬಯಲು ನೆಲದಾಗನ ಮೊಟ್ಟಿ ಇಡ್ತಾವ, ಗೂಡು ಅಂದ್ರ ನಾಕು ಹರಳು ಸರಿಸಿದ ಸಣ್ಣ ತಗ್ಗು, ನಾಕು ಮೊಟ್ಟಿ, ಚೂಪು ತುದಿ ಒಳಗ ಮಾಡಿ ಇಟ್ಟಿರ್ತಾವ, ಮಣ್ಣಿನ ಬಣ್ಣನ ಇರೋದ್ರಿಂದ ಕಾಲ ಕೆಳಗ ಬಂದ್ರೂ ಗೊತ್ತಾಗಂಗಿಲ್ಲ. ನಮ್ಮ ಬಿಸಲಿಗೆ ಮೊಟ್ಟಿ ಬೇಯಬಾರದು ಅಂತ ತಾಯಿ ನೀರಿಗೆ ಹೋಗಿ ಹೊಟ್ಟಿ ಪುಕ್ಕ ತೋಯಿಸ್ಕೊಂಡು ಬಂದು ಕೂರತೈತಿ, ನೀವು ಪಕ್ಕದಾಗ ನಿಂತು ಫೋಟೋ ತಗೊಂತ ಹೋದ್ರ ಅಷ್ಟೊತ್ತು ಮೊಟ್ಟಿ ಬಿಸಲಿಗೆ. ಟ್ರ್ಯಾಕ್ಟರ್ ಬರೋ ಹೊಲ ಆದ್ರ ಮಾಲಕರನ್ನ ಕೇಳಿ ಕೋಲು ಊರ್ರಿ, ಆದ್ರ ಗೂಡಿನ ಬಾಜೂಕ ಅಲ್ಲ, ಅದನ್ನ ಗುರುತು ಇಟ್ಕೊಂಡು ಕಾಗಿ, ನಾಯಿ ಬರ್ತಾವ. ಹತ್ತು ಹೆಜ್ಜಿ ಆಚೆ ಎರಡೂ ಕಡೆ ಒಂದೊಂದು ಊರಿ, ನಡುವಿನ ಅಷ್ಟು ಜಾಗ ಬಿಟ್ಟು ಹೊಡಿಯಪ್ಪಾ ಅಂತ ಡ್ರೈವರ್‌ಗೆ ಬಾಯಿಲೆನೂ ಹೇಳ್ರಿ.